ಮೂರು ಪಾಲಾಗದ ಲಕ್ಷ

ಸಂಜೆ ದೀಪ ಹಚ್ಚುವ ಹೊತ್ತಿಗೆ ನಮ್ಮ ಮನೆಯಲ್ಲಿ ಒಂದು ಕಬ್ಬಿಣದ ಟ್ರಂಕಿನ ಮುಚ್ಚಳ ಕಿರುಗುಟ್ಟುತ್ತದೆ. ಹಾಸನದ ಈ ಬಾಡಿಗೆ ಮನೆಗೆ ಬಂದ ನೆಂಟರು ಆ ಸದ್ದು ಕೇಳಿದೊಡನೆ ಒಡವೆ ಹೊರಬೀಳುತ್ತದೋ ಪಟ್ಟೆಸೀರೆ ಹೊರಬೀಳುತ್ತದೋ ಎಂದು ಕಾಫಿ ಲೋಟವನ್ನು ಕೈಯಲ್ಲೇ ಹಿಡಿದು ಕತ್ತು ಉದ್ದ ಮಾಡುತ್ತಾರೆ. ಹೊರಗೆ ಬರುವುದು ಎರಡು ಹತ್ತಿಯ ಬತ್ತಿ, ಅಷ್ಟೆ. ಮನೆದೀಪಕ್ಕೆ ಜೋಡಿಬತ್ತಿ ಹಾಕಬೇಕು, ಒಂಟಿಬತ್ತಿ ಹಾಕಬಾರದು ಎಂಬುದು ನಿಮಗೂ ಗೊತ್ತಿರುತ್ತದೆ. ಯಾಕೆ ಹಾಕಬಾರದು ಎಂದು ಚಿಕ್ಕಂದಿನಲ್ಲಿ ಕೇಳಿ ತಲೆಯ ಮೇಲೆ ಮೊಟಕಿಸಿಕೊಂಡೂ ಇರುತ್ತೀರಿ, ಏಕೆಂದರೆ ಅದಕ್ಕೆ ಉತ್ತರವನ್ನು ಸಂಜೆ ಹೊತ್ತು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಾನು ಹೇಳಿಬಿಡುತ್ತೇನೆ. ಸತ್ತವರ ತಲೆದೆಸೆಯಲ್ಲಿ ಇಡುವ ದೀಪಕ್ಕೆ ಒಂದೇ ಬತ್ತಿ, ಅದಕ್ಕೆ.

ನಾನು ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವವಳು. ಸಂಖ್ಯೆಗಳ ಬಗ್ಗೆ ಜನ ಮಾತಾಡುವ ರೀತಿ ಕಂಡರೆ ನನಗೆ ಮೈ ಉರಿಯುತ್ತದೆ. "ನಿಂಗೆ ಲಕ್ಷ ಸಲ ಹೇಳಿದೀನಿ" ಎನ್ನುತ್ತಾಳೆ ಪಕ್ಕದ ಮನೆಯಾಕೆ ಮಗನಿಗೆ, ಬೆಳಿಗ್ಗೆ ಎದ್ದಾಗಿನಿಂದ. ಲಕ್ಷ ಎಂದರೆ ಎಷ್ಟು ಎಂದು ಆಕೆಗೆ ಗೊತ್ತಿದ್ದರೆ ಬಾಯಿ ಕಟ್ಟಿಹೋಗುತ್ತಿತ್ತು. ದಿನಗಳನ್ನೇ ತೆಗೆದುಕೊಳ್ಳಿ, ನೂರು ವರ್ಷ ಬಾಳು ಎಂದು ಅಕ್ಷತೆ ಹಾಕಿ ಹರಸುತ್ತೇವಲ್ಲ, ಆ ಹರಕೆ ಪೂರ್ತಿಯಾಗಿ ಫಲಿಸಿದರೂ ಸಿಕ್ಕುವುದು ಮೂವತ್ತಾರು ಸಾವಿರ ಚಿಲ್ಲರೆ ದಿನ, ಲಕ್ಷದ ಅರ್ಧವೂ ಅಲ್ಲ. ಹುಟ್ಟಿದವರಲ್ಲಿ ಒಬ್ಬರಾದರೂ ಲಕ್ಷ ದಿನ ಬದುಕಿದ್ದಿಲ್ಲ. ನಮ್ಮ ಚಿಕ್ಕಮ್ಮನಿಗೆ ಸಿಕ್ಕಿದ್ದು ಒಂಬತ್ತು ಸಾವಿರ ಚಿಲ್ಲರೆ. ಆ ಟ್ರಂಕಿನಲ್ಲಿರುವುದು ಅವಳ ಹೆಸರಿನಲ್ಲಿ ಹೊತ್ತ ಹರಕೆಯ ಬತ್ತಿಗಳು. ಒಂದು ಕಾಲಕ್ಕೆ ಲಕ್ಷಕ್ಕೆ ಒಂದೇ ಕಡಿಮೆ ಇದ್ದವು.

ಆ ಒಂದರ ಕಥೆಯನ್ನೇ ನಿಮಗೆ ಹೇಳಬೇಕು. ಹೇಳದೆ ಇಷ್ಟು ವರ್ಷ ಇದ್ದೆ, ಇನ್ನು ಆಗುವುದಿಲ್ಲ.

ನಮ್ಮ ಅಜ್ಜಿ ಹೆತ್ತದ್ದು ಐದು ಹೆಣ್ಣು. ಎರಡನ್ನು ಸಿಡುಬು ಕೊಂಡೊಯ್ಯಿತು. ಉಳಿದ ಮೂವರು ಮೂರು ಊರು ಸೇರಿದರು: ದೊಡ್ಡಮ್ಮ ಅರಕಲಗೂಡಿಗೆ, ನಮ್ಮಮ್ಮ ಹೊಳೆನರಸೀಪುರಕ್ಕೆ, ಎಲ್ಲರಿಗಿಂತ ಕಿರಿಯವಳಾದ ಕಮಲೂ ಚಿಕ್ಕಮ್ಮ ಚನ್ನರಾಯಪಟ್ಟಣಕ್ಕೆ. ಚಿಕ್ಕಮ್ಮ ನನಗಿಂತ ಆರೇಳು ವರ್ಷಕ್ಕೆ ದೊಡ್ಡವಳು, ನನ್ನ ಜಡೆ ಎಳೆದು ಓಡಿಹೋಗುತ್ತಿದ್ದವಳು, ಚಿಕ್ಕಮ್ಮ ಎಂದು ಕೂಗಿದರೆ "ಯಾರನ್ನೇ ಕರೀತಿದೀಯ ಮುದುಕೀನಾ?" ಎಂದು ಕೇಳುತ್ತಿದ್ದವಳು. ಅಜ್ಜಿ ಬೇಗ ಹೋದ್ದರಿಂದ ಅವಳನ್ನು ಎತ್ತಿ ಆಡಿಸಿದ್ದು, ತಲೆ ಬಾಚಿದ್ದು, ಮದುವೆ ಮಾಡಿ ಕಳಿಸಿದ್ದು ಎಲ್ಲ ದೊಡ್ಡಮ್ಮನೇ. ದೊಡ್ಡಮ್ಮನ ಬಾಯಿ ಜೋರು, ಕೈ ನ್ಯಾಯವಾದದ್ದು. ಕೊಬ್ಬರಿ ಮಿಠಾಯಿಯೋ ಒಬ್ಬಟ್ಟೋ ಮನೆಗೆ ಬಂದರೆ ದಾರ ಹಿಡಿದು ಅಳೆದು ಮೂರು ಸಮಪಾಲು ಮಾಡುತ್ತಿದ್ದಳಂತೆ. ತಟ್ಟೆಯಲ್ಲಿ ಉದುರಿ ಉಳಿದ ಚೂರಿಗೆ ಮಾತ್ರ ಅಳತೆಯಿಲ್ಲ, ಅದು ಯಾವಾಗಲೂ ಚಿಕ್ಕವಳ ಬಾಯಿಗೆ. "ಉಳಿದ ಚೂರು ಕಮಲೂಗೆ" ಎಂಬುದು ಆ ಮನೆಯ ಮಾತಾಗಿಬಿಟ್ಟಿತ್ತು. ಬಸ್ಸಿನಲ್ಲಿ ಕಿಟಕಿ ಪಕ್ಕದ ಒಂದೇ ಜಾಗ ಖಾಲಿಯಿದ್ದರೂ, ಕೊಡದಲ್ಲಿ ಒಂದೇ ಚೊಂಬು ಬಿಸಿನೀರು ಉಳಿದಿದ್ದರೂ ಅಕ್ಕಂದಿರಿಬ್ಬರೂ ಅದನ್ನೇ ಹೇಳಿ ನಗುತ್ತಿದ್ದರು.

ಮದುವೆಯಾದ ಮೇಲೆ ಚಿಕ್ಕಮ್ಮನಿಗೆ ಎರಡು ಸಲ ಬಸಿರು ನಿಂತು ಎರಡೂ ಉಳಿಯಲಿಲ್ಲ. ಒಂದು ಆರನೇ ತಿಂಗಳಲ್ಲಿ ಹೋಯಿತು, ಇನ್ನೊಂದು ಹುಟ್ಟಿ ಅಳಲೇ ಇಲ್ಲ. ಅವಳ ನಗು ಆಗ ಹೋದದ್ದು. ಮೂರನೆಯ ಸಲ ಎಂದು ಗೊತ್ತಾದದ್ದು ಐವತ್ತರ ದಶಕದ ನಡುವಿನ ಒಂದು ಯುಗಾದಿಯಲ್ಲಿ. ಹಬ್ಬಕ್ಕೆ ಮೂವರೂ ನಮ್ಮ ಮನೆಯಲ್ಲಿ ಸೇರಿದ್ದರು. ದೊಡ್ಡಮ್ಮ ತಂಗಿಯರಿಬ್ಬರ ಕೈ ಹಿಡಿದು ಹೊಳೆಯ ಕಡೆಯ ಈಶ್ವರನ ಗುಡಿಗೆ ಕರೆದೊಯ್ದು, ಬಾಗಿಲಲ್ಲೇ ನಿಂತು, ಸುತ್ತಲಿನವರಿಗೆಲ್ಲ ಕೇಳುವ ಹಾಗೆ ಹರಕೆ ಹೊತ್ತಳು.

"ಈಶ್ವರಾ, ಈ ಸಲ ಮಗು ಉಳಿಸಿಕೊಡಪ್ಪ. ನಾವು ಅಕ್ಕತಂಗೀರು ಮೂರು ಜನ ಸಮಸಮವಾಗಿ ಲಕ್ಷಬತ್ತಿ ಹೊಸೆದು ಕಾರ್ತಿಕದಲ್ಲಿ ನಿನ್ನ ಮುಂದೆ ಹಚ್ತೀವಿ. ಒಬ್ಬಳದು ಹೆಚ್ಚಿಲ್ಲ, ಒಬ್ಬಳದು ಕಮ್ಮಿಯಿಲ್ಲ."

ಲಕ್ಷಬತ್ತಿ ಹೊಸ ಹರಕೆಯಲ್ಲ. ನಮ್ಮ ಕಡೆಯ ಹೆಂಗಸರು ಗಂಡನ ಕಾಯಿಲೆಗೆ, ಮಗನ ನೌಕರಿಗೆ, ತಮ್ಮ ಮುಕ್ತಿಗೆ ಎಂದು ತಿಂಗಳುಗಟ್ಟಲೆ ಕೂತು ಹೊಸೆದೇ ಇದ್ದಾರೆ. ಆದರೆ ಹೊತ್ತವರು ತಾವೊಬ್ಬರೇ ಹೊಸೆಯುತ್ತಾರೆ, ಇಲ್ಲವೇ ಬಂದವರು ಹೋದವರು ಕೈಲಾದಷ್ಟು ಹೊಸೆದುಕೊಡುತ್ತಾರೆ. ಸಮಸಮ ಎಂಬ ಮಾತನ್ನು ಹರಕೆಯೊಳಗೆ ತಂದದ್ದು ನಮ್ಮ ದೊಡ್ಡಮ್ಮನೊಬ್ಬಳೇ ಇರಬೇಕು, ಒಬ್ಬಟ್ಟು ಅಳೆದ ಕೈ ತಾನೇ. ಬಸುರಿಯನ್ನು ಪೂರ್ತಿ ಕೂರಿಸುವ ಹಾಗಿಲ್ಲ, ತಾವಿಬ್ಬರೇ ಹೊಸೆದರೆ ಅವಳ ಪಾಲಿನ ಪುಣ್ಯಕ್ಕೆ ಕೊರತೆ. ಹಾಗೆ ಯೋಚಿಸಿ ಆಡಿದ ಮಾತು. ಮಾತು ಆಡಿ ಮನೆಗೆ ಬಂದು ಕಾಲು ತೊಳೆದ ಮೇಲೆ ಎಷ್ಟೆಷ್ಟು ಎಂಬ ಪ್ರಶ್ನೆ ಬಂತು. ಆಗ ನಾನು ಹಾಸನದಲ್ಲಿ ಇಂಟರ್‌ಮೀಡಿಯಟ್ ಓದುತ್ತಿದ್ದೆ, ಹಬ್ಬಕ್ಕೆ ರೈಲಿನಲ್ಲಿ ಬಂದಿದ್ದೆ. ಮನೆಯಲ್ಲಿ ಲೆಕ್ಕ ಓದುವವಳು ಒಬ್ಬಳಿದ್ದಾಳೆಂಬ ಹೆಮ್ಮೆ ಅವರಿಗೆ.

"ಹೇಳೇ, ಲಕ್ಷಾನ ಮೂರು ಪಾಲು ಮಾಡು," ಎಂದಳು ದೊಡ್ಡಮ್ಮ.

ಮಾಡಲು ಏನಿದೆ? ಮೂವತ್ತಮೂರು ಸಾವಿರದ ಮುನ್ನೂರ ಮೂವತ್ತಮೂರು ಒಬ್ಬೊಬ್ಬರಿಗೆ, ಒಂದು ಉಳಿಯುತ್ತದೆ ಎಂದೆ.

"ಉಳಿಯೋದು ಅಂದ್ರೆ? ಸರಿಯಾಗಿ ಮಾಡೇ ಇನ್ನೊಂದ್ಸಲ."

ಇನ್ನೊಂದು ಸಲವೂ ಒಂದು ಉಳಿಯಿತು. ರಂಗೋಲಿ ಪುಡಿಯಲ್ಲಿ ನೆಲದ ಮೇಲೆ ಬರೆದು ತೋರಿಸಿದೆ. ಹತ್ತು ಎಂದರೆ ಮೂರ್ಮೂರಲ ಒಂಬತ್ತು, ಮೇಲೆ ಒಂದು. ನೂರು ಎಂದರೆ ತೊಂಬತ್ತೊಂಬತ್ತು, ಮೇಲೆ ಒಂದು. ಸೊನ್ನೆ ಎಷ್ಟು ಹಚ್ಚಿಕೊಂಡು ಹೋದರೂ ಅಷ್ಟೆ ದೊಡ್ಡಮ್ಮ, ನೀನು ಹತ್ತೇ ಬತ್ತಿ ಹೊತ್ತಿದ್ದರೂ ಒಂದು ಉಳಿಯುತ್ತಿತ್ತು, ಕೋಟಿ ಹೊತ್ತಿದ್ದರೂ ಆ ಒಂದೇ ಉಳಿಯುತ್ತಿತ್ತು ಎಂದೆ. ಈ ಸಂಗತಿ ನನಗೆ ಆಗ ಬಲು ಸೊಗಸಾಗಿ ಕಂಡಿತ್ತು. ಲಕ್ಷವನ್ನು ಒಡೆದು ಒಳಗೆ ನೋಡಿದರೆ ಇರುವುದು ಎರಡುಗಳು ಮತ್ತು ಐದುಗಳು ಮಾತ್ರ, ಎರಡು ಐದು ಸಲ, ಐದು ಐದು ಸಲ, ಎಲ್ಲ ಗುಣಿಸಿದರೆ ಲಕ್ಷ. ಮೂರಕ್ಕೆ ಅಲ್ಲಿ ಒಂದು ಮೂಲೆಯಲ್ಲೂ ಜಾಗವಿಲ್ಲ. ಇಬ್ಬರಿಗೆ ಪಾಲಾಗುತ್ತದೆ, ನಾಲ್ವರಿಗೆ ಆಗುತ್ತದೆ, ಐವರಿಗೆ, ಎಂಟು ಮಂದಿಗೆ, ಹದಿನಾರು ಮಂದಿಗೆ, ಒಟ್ಟು ಮೂವತ್ತಾರು ಬಗೆಯಲ್ಲಿ ಚೂರೂ ಉಳಿಯದೆ ಪಾಲಾಗುವ ಧಾರಾಳಿ ಸಂಖ್ಯೆ ಅದು, ಮೂವರು ಬಂದು ನಿಂತರೆ ಮಾತ್ರ ಮುಖ ತಿರುಗಿಸುತ್ತದೆ. ನಾನು ಉತ್ಸಾಹದಲ್ಲಿ ಇದನ್ನೆಲ್ಲ ಹೇಳುತ್ತಿದ್ದಾಗ ಅಮ್ಮ ಮೆಲ್ಲಗೆ, "ಐದು ಜನಕ್ಕೆ ಆಗ್ತಿತ್ತಾ?" ಎಂದು ಕೇಳಿದಳು. ಆಗುತ್ತಿತ್ತು, ಇಪ್ಪತ್ತಿಪ್ಪತ್ತು ಸಾವಿರ ಎಂದೆ. ಸಿಡುಬಿಗೆ ಹೋದ ಇಬ್ಬರ ನೆನಪು ಅವರಿಗೆ ಬಂದಿತ್ತೆಂದು ನನಗೆ ಆಗ ಹೊಳೆಯಲಿಲ್ಲ.

"ಅದಕ್ಯಾಕೆ ಇಷ್ಟು ತಲೆ ಕೆಡಿಸ್ಕೊಳ್ತೀರಾ?" ಎಂದು ನಮ್ಮಮ್ಮ ಕೊನೆಗೆ ನಗಲು ನೋಡಿದಳು. "ಉಳಿದ ಚೂರು ಕಮಲೂಗೆ. ಅವಳೇ ಹೊಸೀಲಿ."

"ಉಹೂಂ," ಎಂದಳು ದೊಡ್ಡಮ್ಮ. "ಸಮಸಮ ಅಂತ ಬಾಯಲ್ಲಿ ಅಂದಿದೀನಿ. ದೇವರ ಮುಂದೆ ಅಂದದ್ದು."

ಆಮೇಲೆ ಉಪಾಯ ಹೇಳಿದವಳು ಚಿಕ್ಕಮ್ಮನೇ. ಕೊನೆಯ ಬತ್ತಿಯನ್ನು ಮೂರೆಳೆ ಸೇರಿಸಿ ಹೊಸೆಯುವುದು, ಒಬ್ಬೊಬ್ಬರದು ಒಂದೊಂದು ಎಳೆ, ಮೂವರ ಕೈಯೂ ಕೂಡಿ ಒಂದು ಬತ್ತಿ. ದೊಡ್ಡಮ್ಮನ ಮುಖ ಅರಳಿತು. ಅರಳಿದ ಮೇಲೆ ಅದಕ್ಕೊಂದು ಕಟ್ಟುಪಾಡನ್ನೂ ಮಾಡಿದಳು: ಆ ಒಂದು ಬತ್ತಿಯನ್ನು ಮಗು ಹುಟ್ಟಿ, ಪುರುಡು ಕಳೆದು, ಹನ್ನೊಂದನೆಯ ದಿನ ಪುಣ್ಯಾಹವಾದ ಮೇಲೆ, ಕೂಸನ್ನು ಚಿಕ್ಕಮ್ಮನ ಮಡಿಲಲ್ಲಿ ಮಲಗಿಸಿಕೊಂಡೇ ಹೊಸೆಯಬೇಕು. ಅಲ್ಲಿಯವರೆಗೆ ಮುಟ್ಟುವ ಹಾಗಿಲ್ಲ. ಭಗವಂತನ ಕೈಯಿಂದ ಮಗುವನ್ನು ಈಸಿಕೊಂಡು ಆಮೇಲೆ ಬಾಕಿ ತೀರಿಸುವ ಜಾಣತನ ಅದು. ಲೆಕ್ಕ ಅವನಿಗೂ ಬರುತ್ತದೆಂಬುದನ್ನು ಅವಳು ಮರೆತಳು.

ಹೀಗೆ ಮೂರು ಊರಿನ ಮೂರು ಮನೆಯಲ್ಲಿ ಕೆಲಸ ಶುರುವಾಯಿತು. ಹಿತ್ತಲಿನ ಹತ್ತಿಗಿಡದ ಕಾಯಿ ಒಡೆದು, ಬೀಜ ಬಿಡಿಸಿ, ಎಳೆ ತೆಗೆದು, ಅಂಗೈಗೆ ಚೂರು ವಿಭೂತಿ ಸವರಿಕೊಂಡು ಹೊಸೆಯುವುದು. ನೂರಾದರೆ ಒಂದು ಕಟ್ಟು, ಕಟ್ಟಿಗೊಂದು ಹುಣಸೆಬೀಜ ಬಟ್ಟಲಿಗೆ. ನಾನು ಶನಿವಾರ ಊರಿಗೆ ಬಂದಾಗೆಲ್ಲ ಅಮ್ಮನ ಅಂಗೈ ಬೂದಿಯ ಬಣ್ಣವಾಗಿರುತ್ತಿತ್ತು. ಮುಟ್ಟಲು ಹೋದರೆ "ನೀನು ಹೊಸೆದ್ರೆ ಲೆಕ್ಕ ತಪ್ಪುತ್ತೆ, ದೂರ ಕೂತ್ಕೋ" ಎನ್ನುತ್ತಿದ್ದಳು. ಶ್ರಾವಣದಲ್ಲಿ ಚಿಕ್ಕಮ್ಮನಿಗೆ ಹಸಿರುಬಳೆ ತೊಡಿಸಲು ಎಲ್ಲರೂ ಸೇರಿದಾಗ ಅವಳ ಹೊಟ್ಟೆ ಮುಂದಕ್ಕೆ ಬಂದಿತ್ತು, ಕೆನ್ನೆ ತುಂಬಿತ್ತು, ನಗುವೂ ಅಲ್ಪಸ್ವಲ್ಪ ವಾಪಸಾಗಿತ್ತು. ತನ್ನ ಹೊಟ್ಟೆಯ ಮೇಲೆ ಬತ್ತಿಯ ಕಟ್ಟು ಇಟ್ಟು, ಕೂಸು ಒದ್ದರೆ ಬೀಳುತ್ತದೆ ನೋಡು ಎಂದು ನನಗೆ ತೋರಿಸುತ್ತಿದ್ದಳು. ಅಂದೇ ಅವಳು ಅಕ್ಕನನ್ನು ಕೇಳಿದ್ದು.

"ಅಕ್ಕಾ, ಮೂರು ಜನಾನೂ ಇದೀವಿ. ಆ ಒಂದನ್ನೂ ಹೊಸೆದುಬಿಡೋಣವಾ ಇವತ್ತೇ?"

"ಮಗು ಕೈಗೆ ಬರಲಿ ಸುಮ್ನಿರೇ. ಅವಸರ ಏನು?"

ಚಿಕ್ಕಮ್ಮ ಸುಮ್ಮನಾಗಲಿಲ್ಲ, ಅವಳು ಸುಮ್ಮನಿರುವ ಪೈಕಿಯಲ್ಲ. ತನ್ನ ಎಳೆಯೊಂದನ್ನು ಅಲ್ಲೇ ಕೂತು ತೆಗೆದು, ಮಡಿಸಿ, ಕುಂಕುಮದ ಭರಣಿಯ ಮುಚ್ಚಳದೊಳಗೆ ಇಟ್ಟುಕೊಂಡಳು. "ನಂದು ಆಯ್ತಪ್ಪ, ನಿಮ್ಮದು ನೀವು ಯಾವಾಗ ಬೇಕಾದ್ರೂ ಸೇರಿಸ್ಕೊಳ್ಳಿ" ಎಂದಳು. ಎಲ್ಲರೂ ನಕ್ಕೆವು.

ಹೆರಿಗೆಗೆ ನಮ್ಮ ಮನೆಗೇ ಬಂದಳು. ತಾಯಿಯಿಲ್ಲದವಳಿಗೆ ಅಕ್ಕನ ಮನೆಯೇ ತವರು. ದಸರಾ ಕಳೆದ ವಾರ ನೋವು ಶುರುವಾಯಿತು. ದೊಡ್ಡಮ್ಮ ಅರಕಲಗೂಡಿನಿಂದ ಮೊದಲ ಬಸ್ಸಿಗೆ ಬಂದಳು, ನಾನು ರಜೆಗೆ ಬಂದವಳು ಅಲ್ಲೇ ಇದ್ದೆ. ಮೂವರ ಬತ್ತಿಯೂ ಅಷ್ಟರಲ್ಲಿ ಮುಗಿದು, ಒಬ್ಬೊಬ್ಬರದು ಮುನ್ನೂರ ಮೂವತ್ತಮೂರು ಕಟ್ಟು, ಮೇಲೆ ಬಿಡಿ ಮೂವತ್ತಮೂರು, ಈ ಟ್ರಂಕಿಗೆ ಬಂದು ಸೇರಿತ್ತು. ಸೂಲಗಿತ್ತಿ ಕೆಂಪಮ್ಮ ಊರಾಚೆಯ ಒಕ್ಕಲುಗೇರಿಯವಳು, ನಾನು ಹುಟ್ಟಿದಾಗಲೂ ಹೆರಿಗೆ ಮಾಡಿಸಿದ್ದವಳು. ಮಧ್ಯಾಹ್ನದ ಹೊತ್ತಿಗೆ ಒಳಗಿನಿಂದ ಅಳು ಕೇಳಿತು, ಗಟ್ಟಿಯಾದ, ಸಿಟ್ಟಿನ ಅಳು. ಕೆಂಪಮ್ಮ ಬಾಗಿಲ ಸಂದಿಯಿಂದ ಇಣುಕಿ, "ಎಣ್ಮಗ ಕಣ್ರವ್ವಾ! ಗುಂಡುಗುಂಡುಗೆ ಅದೆ, ಇದು ಉಳ್ಕತದೆ ಬುಡಿ" ಎಂದಳು. ದೊಡ್ಡಮ್ಮ ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು. ಅಳುತ್ತಲೇ ನನ್ನ ಕಡೆ ತಿರುಗಿ, "ಹನ್ನೊಂದನೇ ದಿನ ಯಾವ ವಾರ ಬೀಳುತ್ತೆ ನೋಡೇ" ಎಂದಳು.

ನಾನು ಪಂಚಾಂಗ ತೆಗೆಯುವಷ್ಟರಲ್ಲಿ ಕೆಂಪಮ್ಮ ಮತ್ತೆ ಬಾಗಿಲಿಗೆ ಬಂದಳು. ಈ ಸಲ ದನಿ ಬೇರೆ. "ಅವ್ವಾ, ರಕ್ತ ನಿಲ್ತಾ ಇಲ್ಲ ಕಣ್ರವ್ವ. ನನ್ ಕೈಲಿ ಆಗಾಕಿಲ್ಲ. ಬ್ಯಾಗ ಡಾಕ್ಟ್ರನ್ನ ಕರ್ಸಿ, ಓಗಿ ಓಗಿ."

ನಮ್ಮ ತಂದೆ ಓಡಿದರು. ಡಾಕ್ಟರು ಬಂದರು, ಬರುವುದರಲ್ಲಿ ಅವರೇನೂ ತಡಮಾಡಲಿಲ್ಲ. ಬಂದು ಮಾಡುವುದನ್ನೆಲ್ಲ ಮಾಡಿದರು, ಹಾಸನದ ದೊಡ್ಡಾಸ್ಪತ್ರೆಗೆ ಸಾಗಿಸಲು ಕಾರು ಗೊತ್ತುಮಾಡಿ ಎಂದರು, ಕಾರು ಬಾಗಿಲಿಗೆ ಬಂದಾಗ ಬೇಡ ಎಂದರು. ಯಾರ ಮೇಲೆ ಸಿಟ್ಟುಮಾಡಬೇಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ, ಒಬ್ಬರಾದರೂ ತಪ್ಪು ಮಾಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಚಿಕ್ಕಮ್ಮ ಇರಲಿಲ್ಲ.

ನಡುಮನೆಯಲ್ಲಿ ಮಲಗಿಸಿದರು. ನೆರೆಮನೆಯ ಹಿರಿಯಾಕೆ ಯಾರೋ, "ತಲೆದೆಸೆಗೆ ದೀಪ ಇಡಿ" ಎಂದರು. ಹಣತೆ ಸಿಕ್ಕಿತು, ಎಣ್ಣೆ ಸಿಕ್ಕಿತು, ಬತ್ತಿ ಇಲ್ಲ. ಮನೆಯಲ್ಲಿದ್ದ ಬತ್ತಿಯೆಲ್ಲ ಟ್ರಂಕಿನಲ್ಲಿ, ಅದು ದೇವರದು. ಅಮ್ಮ ಕಣ್ಣು ಬಿಟ್ಟುಕೊಂಡು ನಿಂತೇ ಇದ್ದಳು. ಅಷ್ಟು ಹೊತ್ತು ಮೂಲೆಯಲ್ಲಿ ಕುಸಿದಿದ್ದ ದೊಡ್ಡಮ್ಮ ಎದ್ದಳು. ಚಿಕ್ಕಮ್ಮನ ಪೆಟ್ಟಿಗೆಯಿಂದ ಕುಂಕುಮದ ಭರಣಿ ತೆಗೆದಳು, ಮುಚ್ಚಳದೊಳಗಿನ ಎಳೆ ತೆಗೆದಳು, ಹತ್ತಿಯ ಬುಟ್ಟಿಯಿಂದ ತಾನೊಂದು ಎಳೆ ತೆಗೆದು ಅಮ್ಮನ ಕೈಯಿಂದ ಇನ್ನೊಂದು ಎಳೆ ತೆಗೆಸಿದಳು. ಅಕ್ಕತಂಗಿಯರಿಬ್ಬರೂ ಎದುರುಬದುರು ಕೂತು, ವಿಭೂತಿಯಿಲ್ಲದ ಒದ್ದೆ ಕೈಯಲ್ಲಿ, ಮೂರೆಳೆಯನ್ನು ಕೂಡಿಸಿ ಹೊಸೆದರು. ಹಣತೆಯಲ್ಲಿಟ್ಟು ಹಚ್ಚಿ ದೊಡ್ಡಮ್ಮ ಹೇಳಿದಳು, ಕೂಗಲಿಲ್ಲ, ಮಗುವಿಗೆ ತುತ್ತು ಕೊಡುವಾಗ ಹೇಳುವಂತೆ ಹೇಳಿದಳು.

"ಉಳಿದ ಚೂರು ಕಮಲೂಗೆ."

ಅಯ್ಯೋ, ಆ ಮಾತು ಕೇಳಿದ ಕಿವಿ ಇದು.

ಆ ವರ್ಷ ಕಾರ್ತಿಕಕ್ಕೆ ಲಕ್ಷದೀಪವಿಲ್ಲ. ಸೂತಕದ ಮಾತು ಹಾಗಿರಲಿ, ವರ್ಷ ಕಳೆದ ಮೇಲೂ ದೊಡ್ಡಮ್ಮ ಒಪ್ಪಲಿಲ್ಲ. ಪುರೋಹಿತರು ಒಳ್ಳೆಯವರು, ಇನ್ನೊಂದು ಬತ್ತಿ ಯಾರಾದರೂ ಹೊಸೆದು ಹಾಕಿ, ಹರಕೆ ತೀರಿಸಿಬಿಡಿ ತಾಯಿ ಎಂದರು. "ಯಾರಾದ್ರೂ ಅಂದ್ರೆ ಯಾರು?" ಎಂದಳು ದೊಡ್ಡಮ್ಮ. "ಮೂರು ಜನ ಅಂದಿದ್ದೆ. ಮೂರನೆಯವಳನ್ನ ಅವನೇ ಕರ್ಕೊಂಡ. ಅವನಿಗೆ ಒಂದೂ ಹಚ್ಚಲ್ಲ." ಎಸೆಯುವ ಹಾಗಿಲ್ಲ, ಕೊಡುವ ಹಾಗಿಲ್ಲ, ಕೊನೆಗೆ ಮನೆದೀಪಕ್ಕೆ ಬಳಸಿಕೊಳ್ಳಿ ಎಂದು ಅಮ್ಮನಿಗೆ ಹೇಳಿ ಟ್ರಂಕನ್ನು ನಮ್ಮಲ್ಲೇ ಬಿಟ್ಟಳು. ಚನ್ನರಾಯಪಟ್ಟಣದ ಚಿಕ್ಕಪ್ಪ ಮರುವರ್ಷ ಇನ್ನೊಂದು ಮದುವೆಯಾದರು, ಅವರನ್ನು ನಾನು ಅನ್ನುವುದಿಲ್ಲ. ಕೂಸು ನಮ್ಮಮ್ಮನ ಕೈಯಲ್ಲಿ ಬೆಳೆಯಿತು. ರತ್ನ ಎಂದು ಹೆಸರಿಟ್ಟೆವು. ಅವಳು ನಮ್ಮಮ್ಮನನ್ನು ಅಮ್ಮ ಎನ್ನುತ್ತಾಳೆ, ನನ್ನನ್ನು ಅಕ್ಕ ಎನ್ನುತ್ತಾಳೆ. ಅವಳು ಹುಟ್ಟಿದ ದಿನವೂ ಅವಳ ತಾಯಿಯ ತಿಥಿಯೂ ಒಂದೇ ಆದ್ದರಿಂದ ಅವಳಿಗೆ ಎಣ್ಣೆನೀರು, ಪಾಯಸ ಎಲ್ಲ ಹಿಂದಿನ ದಿನವೇ ಮುಗಿಸಿಬಿಡುತ್ತೇವೆ.

ಲಕ್ಷಕ್ಕೆ ಒಂದು ಕಡಿಮೆಯಾದರೆ ತೊಂಬತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು. ಹೇಳುವುದಕ್ಕೇ ಉಸಿರು ಸಾಲದ ಈ ಸಂಖ್ಯೆಯನ್ನು ಆ ವರ್ಷಗಳಲ್ಲಿ ನಾನು ಎಷ್ಟು ಸಲ ಒಡೆದು ನೋಡಿದೆನೋ. ಲಕ್ಷಕ್ಕೂ ಇದಕ್ಕೂ ನಡುವೆ ಒಂದು ಎಳೆಯಷ್ಟು ದೂರ, ಆದರೆ ಸಂಬಂಧವೇ ಇಲ್ಲ. ಅದರೊಳಗಿದ್ದ ಎರಡುಗಳೂ ಐದುಗಳೂ ಇಲ್ಲಿ ಒಂದೂ ಇಲ್ಲ. ಇಲ್ಲಿರುವುದು ಎರಡು ಮೂರುಗಳು, ಒಂದು ನಲವತ್ತೊಂದು, ಒಂದು ಇನ್ನೂರ ಎಪ್ಪತ್ತೊಂದು, ಮೂರನ್ನು ಬಿಟ್ಟರೆ ಯಾವ ಮಗ್ಗಿಯಲ್ಲೂ ಕಾಣದ ಮುಖಗಳು. ಒಂದೇ ಒಂದು ಬತ್ತಿ ತೆಗೆದರೆ ಇಡೀ ರಾಶಿಯ ಒಳಗೇ ಬದಲಾಗಿಹೋಗುತ್ತದೆಂದು ಪುಸ್ತಕದಲ್ಲಿ ಓದಿ ಗೊತ್ತಿತ್ತು, ಮನೆಯಲ್ಲಿ ಕಂಡದ್ದು ಆಗ. ಮೂರಕ್ಕೆ ಜಾಗವೇ ಇಲ್ಲದಲ್ಲಿ ಈಗ ಮೂರು ಬಂದು ಕೂತಿದೆ.

ಇದನ್ನು ಒಮ್ಮೆ ದೊಡ್ಡಮ್ಮನಿಗೆ ಹೇಳಿಯೂ ಬಿಟ್ಟೆ. ಅವಳು ತಿಥಿಗೆಂದು ಬಂದಾಗಲೆಲ್ಲ ನನ್ನನ್ನು ಮೂಲೆಗೆ ಕರೆದು ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಆ ಒಂದು ಬತ್ತಿ ಹರಕೆಗೆ ಸೇರ್ತೇನೇ? ಲಕ್ಷ ಆಯ್ತೋ ಇಲ್ವೋ? ಆಗಿಲ್ದೆ ಇದ್ರೆ ಬಾಕಿ ಕೇಳೋಕೆ ಆ ಈಶ್ವರ ಮಗೂನ ಹುಡುಕ್ಕೊಂಡು ಬಂದ್ರೆ?" ರತ್ನಳಿಗೆ ಒಂದು ಸೀನು ಬಂದರೆ ಸಾಕು, ದೊಡ್ಡಮ್ಮನ ಮುಖ ಬಿಳಿಚಿಕೊಳ್ಳುತ್ತಿತ್ತು. ಅವಳನ್ನು ಎತ್ತಿಕೊಳ್ಳಲು ಹೆದರುತ್ತಿದ್ದಳು, ಅವಳು ಮಲಗಿದ ಮೇಲೆ ಪಾದ ಮುಟ್ಟಿ ನೋಡುತ್ತಿದ್ದಳು. ಸಮಾಧಾನ ಹೇಳಬೇಕಿತ್ತು ನನಗೆ, ಬೇರೇನೂ ಬಾರದೆ ಲೆಕ್ಕವನ್ನೇ ಹೇಳಿದೆ. ಟ್ರಂಕಿನಲ್ಲಿರುವುದು ಈಗ ಮೂರು ಪಾಲಾಗುತ್ತೆ ದೊಡ್ಡಮ್ಮ, ಸರಿಸಮವಾಗಿ, ಒಂದೂ ಉಳಿಯೋದಿಲ್ಲ ಎಂದೆ.

"ಈಗ ಪಾಲು ತಗೊಳ್ಳೋಕೆ ಮೂರು ಜನ ಎಲ್ಲಿದೀವೇ?" ಎಂದಳು.

ಹೌದಲ್ಲ. ಐವರಿದ್ದಿದ್ದರೆ ಲಕ್ಷ ಪಾಲಾಗುತ್ತಿತ್ತು, ಈಗ ಉಳಿದ ಇಬ್ಬರಿಗೂ ಪಾಲಾಗುತ್ತಿತ್ತು, ಮೂವರಿದ್ದ ಆ ಏಳು ತಿಂಗಳು ಮಾತ್ರ ಆಗಲಿಲ್ಲ. ಸಂಖ್ಯೆಗೆ ಕನಿಕರವಿಲ್ಲ ಎಂದು ಬೈಯುವವರಿದ್ದಾರೆ. ಅದಕ್ಕೆ ಹಗೆಯೂ ಇಲ್ಲ ಎಂಬುದನ್ನು ನಾನು ಬಲ್ಲೆ. ಚಿಕ್ಕಮ್ಮ ಸತ್ತದ್ದು ರಕ್ತ ನಿಲ್ಲದೆ, ಶೇಷ ಉಳಿದು ಅಲ್ಲ. ಶ್ರಾವಣದಲ್ಲೇ ಆ ಬತ್ತಿ ಹೊಸೆದಿದ್ದರೂ ಸಾಯುತ್ತಿದ್ದಳು. ಇದು ನನಗೆ ಗೊತ್ತು, ನಿಮಗೆ ಗೊತ್ತು, ಬೆಳಗಿನ ಹೊತ್ತು ದೊಡ್ಡಮ್ಮನಿಗೂ ಗೊತ್ತಿರುತ್ತಿತ್ತು. ಸಂಜೆಯಾದರೆ ಅವಳಿಗೆ ಮರೆತುಹೋಗುತ್ತಿತ್ತು.

ನಮ್ಮ ತಂದೆ ಹೋದಮೇಲೆ, ನನಗೆ ಹಾಸನದಲ್ಲಿ ಕೆಲಸವಾಗಿ ಅಮ್ಮ, ರತ್ನ, ಟ್ರಂಕು ಎಲ್ಲವೂ ಇಲ್ಲಿಗೆ ಬಂದವು. ಹೋದ ವರ್ಷ ಮಳೆಗಾಲದಲ್ಲಿ ದೊಡ್ಡಮ್ಮನ ಮಗ ಅರಕಲಗೂಡಿನಿಂದ ಬಂದು, ಅವಳು ಹಾಸಿಗೆ ಹಿಡಿದಿದ್ದಾಳೆ, ನಿನ್ನನ್ನು ನೋಡಬೇಕಂತೆ, ಬರುವಾಗ ಟ್ರಂಕಿನಿಂದ ಒಂದು ಬತ್ತಿ ತರಬೇಕಂತೆ ಎಂದ. ಒಂದೇ? ಎಂದೆ. ಒಂದೇ ಅಂತ ಎರಡು ಸಲ ಹೇಳಿದಳು ಎಂದ. ಅಮ್ಮ ಎದ್ದುಹೋಗಿ ತಾನೇ ತೆಗೆದು ಕಾಗದದಲ್ಲಿ ಸುತ್ತಿ ಕೊಟ್ಟಳು.

ದೊಡ್ಡಮ್ಮ ಆ ಬತ್ತಿಯನ್ನು ಅಂಗೈ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಯಾರ ಕೈಯಲ್ಲಿ ಹೊಸೆದದ್ದೆಂದು ಎಳೆ ನೋಡಿಯೇ ಹೇಳುತ್ತಿದ್ದ ಕಣ್ಣಿಗೆ ಈಗ ಪೊರೆ ಬಂದಿತ್ತು.

"ಹತ್ತು ವರ್ಷ ನಿನ್ನನ್ನ ಕೇಳಿ ಕೇಳಿ ಪೀಡಿಸ್ದೆ," ಎಂದಳು. "ನೀನು ಹೇಳಲಿಲ್ಲ. ನಾನೇ ಮಾಡ್ಕೊಂಡೆ ಲೆಕ್ಕ. ಸಮಸಮ ಅಂದಿದ್ದೆನಲ್ಲ. ಅವಳಿಗೆ ಒಂದು ಹೋಯ್ತು. ನನಗೊಂದು. ನಿಮ್ಮಮ್ಮಂಗೊಂದು. ಒಬ್ಬಳದು ಹೆಚ್ಚಿಲ್ಲ, ಒಬ್ಬಳದು ಕಮ್ಮಿಯಿಲ್ಲ. ಅಲ್ಲಿಗೆ ತೀರ್ತು. ಮಗು ಕೈಲಿ ಏನೂ ಕೇಳೋ ಹಾಗಿಲ್ಲ ಅವನು." ನನ್ನ ಕೈ ಹಿಡಿದು, "ಸರಿಯಾಗಿದೆಯೇನೇ?" ಎಂದು ಕೇಳಿದಳು.

ಸರಿಯಾಗಿದೆ ದೊಡ್ಡಮ್ಮ ಎಂದೆ. ಇಷ್ಟು ವರ್ಷ ಹುಡುಗಿಯರ ಲೆಕ್ಕಕ್ಕೆ ಸರಿ ಹಾಕಿದ್ದೇನೆ, ಇಷ್ಟು ಮನಸ್ಸಿಟ್ಟು ಯಾವುದಕ್ಕೂ ಹಾಕಿರಲಿಲ್ಲ. ಮುಂದಿನ ವಾರ ಆ ಬತ್ತಿಯೇ ಅವಳ ತಲೆದೆಸೆಯಲ್ಲಿ ಉರಿಯಿತು. ಅರಕಲಗೂಡಿನಿಂದ ವಾಪಸು ಬಂದ ಸಂಜೆ ಅಮ್ಮ ಟ್ರಂಕಿನಿಂದ ಇನ್ನೊಂದು ತೆಗೆದು, ತನ್ನ ಹಳೆಯ ಕರ್ಚೀಫಿನ ಮೂಲೆಗೆ ಗಂಟುಹಾಕಿ, ಬೀರುವಿನಲ್ಲಿ ಸೀರೆಗಳ ಅಡಿಯಲ್ಲಿ ಇಟ್ಟಳು. ನಾನು ನೋಡಿದೆ.

ರತ್ನಳಿಗೆ ಈಗ ಹನ್ನೊಂದನೆಯ ವರ್ಷ. ಜಡೆ ಎಳೆದು ಓಡಿಹೋಗುವುದರಲ್ಲಿ ತಾಯಿಯ ಮಗಳೇ. ಟ್ರಂಕಿನ ಕಥೆಯಲ್ಲಿ ಅವಳಿಗೆ ಎಷ್ಟು ಹೇಳಬಹುದೋ ಅಷ್ಟನ್ನು ಅಮ್ಮ ಹೇಳಿದ್ದಾಳೆ, ಹೇಳಬಾರದ್ದನ್ನು ಅವಳು ತಾನೇ ತಿಳಿದುಕೊಂಡಿದ್ದಾಳೆ. ಮೊನ್ನೆ ಸ್ಕೂಲಿನಲ್ಲಿ ಸರಿಸಂಖ್ಯೆ ಬೆಸಸಂಖ್ಯೆ ಹೇಳಿಕೊಟ್ಟರಂತೆ; ಸಂಜೆ ಕೈಕಾಲು ತೊಳೆದುಬಂದು, ಟ್ರಂಕಿನ ಮುಚ್ಚಳ ಎತ್ತಿ ಹಿಡಿದು, ಬತ್ತಿಯ ಕಟ್ಟುಗಳನ್ನೇ ನೋಡುತ್ತಾ ನಿಂತಳು. ದಿನಕ್ಕೊಂದು ಜೋಡಿಯಂತೆ ತೆಗೆದರೆ ಇವು ಮುಗಿಯಲು ಸುಮಾರು ನೂರ ಮೂವತ್ತೇಳು ವರ್ಷ ಬೇಕು. ಇಷ್ಟು ವರ್ಷ ಉರಿಸಿದರೂ ಹತ್ತರಲ್ಲಿ ಒಂದು ಪಾಲು ಕರಗಿಲ್ಲ.

"ಅಕ್ಕಾ, ಕಡೇಲಿ ಒಂದು ಉಳಿಯುತ್ತಾ?"

"ಯಾವ ಕಡೇಲಿ?"

"ಜೋಡಿ ಜೋಡಿ ತೆಗೀತಾ ಹೋದ್ರೆ. ಮೊದಲು ಬೆಸ ಇತ್ತು. ದೊಡ್ಡಮ್ಮಂಗೆ ಒಂದು ಹೋಯ್ತು, ಆಗ ಸರಿ ಆಯ್ತು. ಅಮ್ಮ ಗಂಟಲ್ಲಿ ಒಂದು ಇಟ್ಕೊಂಡಿದಾಳೆ, ಮತ್ತೆ ಬೆಸ ಆಯ್ತು. ಹಂಗಾದ್ರೆ ಒಂದು ಉಳಿಯುತ್ತೆ ಅಲ್ವಾ?"

ಲೆಕ್ಕ ಸರಿಯಾಗಿತ್ತು. ಎಷ್ಟೇ ಜೋಡಿ ತೆಗೆದರೂ ಬೆಸ ಬೆಸವೇ, ಸರಿ ಸರಿಯೇ. ಅದನ್ನು ತಿರುಗಿಸುವುದು ಒಂಟಿಯಾಗಿ ಹೋಗುವ ಬತ್ತಿ ಮಾತ್ರ, ನಮ್ಮಲ್ಲಿ ಒಬ್ಬೊಬ್ಬರು ಹೊರಟಾಗ. ದೇವರಕೋಣೆಯಲ್ಲಿ ಅಮ್ಮ ಹಣತೆ ಒರೆಸುತ್ತಿದ್ದ ಸದ್ದು ನಿಂತಿತು. ಅವಳಿಗೂ ಕೇಳಿಸಿತ್ತು. ಆ ಮಗುವಿನ ಮುಖ ನೋಡಿದೆ, ಮುಚ್ಚಳ ಹಿಡಿದ ಪುಟ್ಟ ಕೈ ನೋಡಿದೆ, ಉಳಿದ ಚೂರು ಯಾರಿಗೆ ಹೋಗುತ್ತಿತ್ತೆಂಬುದು ನೆನಪಾಯಿತು. ಚಿಕ್ಕವಳಿಗೆ ಕೊಡುವ ಆ ಪದ್ಧತಿ ನಮ್ಮ ಮನೆಯಲ್ಲಿ ಇನ್ನು ಸಾಕು.

"ಉಳಿಯುತ್ತೆ," ಎಂದೆ. "ಅದು ನಂದು."

"ಆಮೇಲೆ?"

"ಆಮೇಲೆ ಎಲ್ಲ ಜೋಡಿ. ಒಂಟಿ ಒಂದೂ ಉಳಿಯೋದಿಲ್ಲ."

ಅವಳು ಒಂದು ಗಳಿಗೆ ತಲೆಯಲ್ಲೇ ಕಳೆದು ನೋಡಿ, ಹೌದು ಎಂಬಂತೆ ತಲೆಯಾಡಿಸಿದಳು. ಕಟ್ಟು ಬಿಚ್ಚಿ ಎರಡು ಬತ್ತಿ ತೆಗೆದು ಅವಳ ಅಂಗೈಗೆ ಹಾಕಿದೆ. ಹಾಕುವ ಮುಂಚೆ, ಎರಡೇ ಇವೆಯೋ ಎಂದು, ಬೆರಳಿನಿಂದ ಮುಟ್ಟಿ ಎಣಿಸಿದೆ.